ಗೋಡೌನಿಗೆ ಬಂದ ಕಂಡಿಕೆ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತೆಂಟು ಅನ್ನುವುದು ಆಧಾರ್ ಕಾರ್ಡಿನ ಲೆಕ್ಕ. ನಮ್ಮವ್ವನನ್ನು ಕೇಳಿದರೆ ‘ರಾಗಿ ಕೊಯ್ಯೋ ಹೊತ್ನಾಗೆ ಹುಟ್ದೆ’ ಅನ್ನುತ್ತಿದ್ದಳು. ಯಾವ ವರ್ಷದ ರಾಗಿ ಅಂತ ಅವಳಿಗೂ ನೆನಪಿರಲಿಲ್ಲ.

ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ನಾನು ಕಂಡಿಕೆ ಸುತ್ತುತ್ತಿದ್ದೆ. ಈಗಲೂ ಸುತ್ತುತ್ತೇನೆ. ಕಂಡಿಕೆ ಅಂದರೆ ಗೇಣುದ್ದದ ಕಡ್ಡಿ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಅದಕ್ಕೆ ನೂಲು ಸುತ್ತಿ ಲಾಳಿಯೊಳಗೆ ಕೂರಿಸಬೇಕು. ಲಾಳಿ ಅತ್ತಿಂದಿತ್ತ ಓಡುತ್ತದೆ, ಸೀರೆ ಬೆಳೆಯುತ್ತದೆ. ಇಷ್ಟೇ ವಿದ್ಯೆ. ಹೇಳುವುದಕ್ಕೆ ಒಂದು ಉಸಿರು ಸಾಕು, ಮಾಡುವುದಕ್ಕೆ ನನ್ನ ಅರ್ಧ ಆಯಸ್ಸು ಹೋಯಿತು.

ಮಗ್ಗ ಓಡುವಾಗ ನಮ್ಮ ಬೀದಿಯಲ್ಲಿ ಮಾತು ಕೇಳುವುದಿಲ್ಲ. ತುಟಿ ನೋಡಿ, ಕೈ ನೋಡಿ ತಿಳಿದುಕೊಳ್ಳಬೇಕು. ಕರೆಂಟ್ ಹೋದರೆ ಮಾತ್ರ ಒಬ್ಬರ ದನಿ ಒಬ್ಬರಿಗೆ ಕೇಳುತ್ತದೆ. ಆಗಲೂ ನಾವು ಕೂಗಿಯೇ ಮಾತಾಡುತ್ತೇವೆ. ಕಿವಿ ಮಂದವಾದವರಿಗೆ ತಮ್ಮ ಪಿಸುಮಾತು ಎಷ್ಟು ದೂರ ಹೋಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ನಮ್ಮ ಬೀದಿಯಲ್ಲಿ ಗುಟ್ಟು ಅನ್ನುವುದು ಹೆಸರಿಗೆ ಮಾತ್ರ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಶೆಡ್ಡಿನ ಯಜಮಾನರ ಸೊಸೆ ಬರೆದ ಕಾದಂಬರಿಯನ್ನು ನಾವು ಓದಿಸಿ ಕೇಳಿದ್ದು ಕರೆಂಟ್ ಹೋದ ಹೊತ್ತಿನಲ್ಲೇ.

ಆ ಹುಡುಗಿ ಮದುವೆಗೆ ಮುಂಚೆ ನೆಲಮಂಗಲದ ಹತ್ತಿರ, ಅರಿಶಿನಕುಂಟೆ ಕಡೆ, ಒಂದು ದೊಡ್ಡ ಗೋಡೌನಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಮೇಲೆ ದೂರವಾಯಿತು ಅಂತ ಬಿಡಿಸಿದರು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಕತ್ತಲಾದ ಮೇಲೆ ಬರುವವನು. ಮನೆ ಶೆಡ್ಡಿಗೆ ಅಂಟಿಕೊಂಡೇ ಇತ್ತು, ನಡುವೆ ಒಂದು ಬಾಗಿಲು. ಅವಳು ಆ ಬಾಗಿಲಲ್ಲಿ ಕೂತು ಏನೋ ಬರೆಯುತ್ತಿರುತ್ತಿದ್ದಳು. ಕಾಗದದ ಮೇಲೆ, ಕೈಯಲ್ಲಿ. ‘ಫೋನಲ್ಲೇ ಬರೀಬಹುದು ಅಜ್ಜಿ, ಆದ್ರೆ ಫೋನ್ ಹಿಡಿದ್ರೆ ಸೋಮಾರಿ ಅಂತಾರೆ. ಕಾಗದ ಹಿಡಿದ್ರೆ ಮನೆ ಖರ್ಚು ಬರೀತಾವ್ಳೆ ಅಂದ್ಕೊತಾರೆ’ ಅಂದಳು. ತಲೆ ಇದೆ ಅಂದುಕೊಂಡೆ.

ಒಂದು ದಿನ ಕರೆಂಟ್ ಹೋದಾಗ ನನ್ನ ಪಕ್ಕಕ್ಕೆ ಬಂದು ಕೂತಳು.

“ಅಜ್ಜಿ, ನಾನೊಂದು ಕಾದಂಬರಿ ಬರ್ದಿದ್ದೀನಿ.”

“ಬರಿ. ಯಾರು ಬ್ಯಾಡ ಅಂದ್ರು?”

“ತಮಾಷೆದು. ಒಬ್ಬ ಕೆಟ್ಟ ಬಾಸ್ ಕತೆ, ಆ ಗೋಡೌನಿಂದು. ಬೆಂಗಳೂರಲ್ಲಿ ಪುಸ್ತಕ ಹಾಕೋರೊಬ್ರು ಪೂರ್ತಿ ಕಳ್ಸಿ ನೋಡ್ತೀವಿ ಅಂದವ್ರೆ. ಆದ್ರೆ ನಗು ಬರ್ತದೋ ಇಲ್ವೋ ನಂಗೇ ತಿಳೀತಿಲ್ಲ. ನಮ್ಮನೆಯೋರು ಸೂಪರ್ ಅಂತಾರೆ.”

“ಒಳ್ಳೇದಾಯ್ತಲ್ಲ.”

“ಓದಿಲ್ಲ ಅವ್ರು.”

“ಮತ್ತೆ ನನ್ನ ಯಾಕೆ ಕೇಳ್ತೀಯ? ನಾನು ಓದಿದ್ದು ಎರಡನೇ ಕ್ಲಾಸು.”

“ನೀವು ಯಾವತ್ತೂ ನಗಲ್ವಲ್ಲ ಅಜ್ಜಿ. ನೀವು ನಕ್ರೆ ಕಳಿಸ್ತೀನಿ. ಮಾವಂಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಬಚ್ಚಲ ಒಲೆಗೆ ಹಾಕ್ತಾರೆ.”

ಹಾಕುವವರೇ ಅವರು. ಅವರು ಬೇಡ ಅಂದದ್ದನ್ನು ಆ ಮನೆಯಲ್ಲಿ ಯಾರೂ ಮಾಡಿದ್ದಿಲ್ಲ. ಮದುವೆಯಾದ ಮಗ ಕೂಡ ತಲೆಗೆ ಯಾವ ಎಣ್ಣೆ ಹಚ್ಚಬೇಕು ಅಂತ ಅಪ್ಪನನ್ನೇ ಕೇಳುತ್ತಿದ್ದ.

ಒಂದು ಹಾಳೆ ಮನೆಗೆ ಕೊಟ್ಟು ಕಳಿಸಿದಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು. ಒತ್ತಕ್ಷರ ಬಂದರೆ ಎತ್ತು ಹಳ್ಳ ಕಂಡ ಹಾಗೆ ನಿಂತುಬಿಡುತ್ತೇನೆ. ಅಡುಗೆ ಮಾಡಿ, ಉಂಡು, ಕೂತು ಓದಿದೆ. ಹಾಳೆ ಮುಗಿಯುವ ಹೊತ್ತಿಗೆ ಆ ಬಾಸು ಕಾರು ತಂದು ನಿಲ್ಲಿಸಿದ್ದ, ಅಷ್ಟೇ. ಇದ್ದ ಒಂದೇ ಮರದ ನೆರಳಲ್ಲಿ ನಿಲ್ಲಿಸಿದ್ದ, ಕೆಲಸದವರೆಲ್ಲ ಊಟಕ್ಕೆ ಕೂರುವ ಜಾಗದಲ್ಲಿ. ಮನುಷ್ಯ ಸರಿಯಿಲ್ಲ ಅಂತ ಗೊತ್ತಾಯಿತು. ಮುಂದಕ್ಕೆ ಓದುವ ತಾಕತ್ತಿರಲಿಲ್ಲ. ಬೆಳಿಗ್ಗೆ ಹಾಳೆ ವಾಪಸ್ಸು ಕೊಟ್ಟು, “ನೀನೇ ಓದು, ನಾನು ಕೇಳ್ತೀನಿ. ಹಿಂಗೇ ಆದ್ರೆ ಕಾರಿಂದ ಅವನು ಇಳಿಯೋದ್ರೊಳಗೆ ನಾನು ಸತ್ತಿರ್ತೀನಿ” ಅಂದೆ.

ಹಾಗೆ ಓದು ಶುರುವಾಯಿತು. ನನಗೊಬ್ಬಳಿಗೇ ಓದುವುದು ಅಂತ ಮಾತಾಗಿತ್ತು. ಆದರೆ ಮಗ್ಗದ ಶೆಡ್ಡಿನಲ್ಲಿ ಒಬ್ಬರಿಗೆ ಕೇಳುವ ಹಾಗೆ ಓದಿದರೆ ಎಲ್ಲರಿಗೂ ಕೇಳುತ್ತದೆ. ಎರಡನೇ ಸಲ ಕರೆಂಟ್ ಹೋದಾಗ ಮಗ್ಗಕ್ಕೆ ಹಾಸಿನ ಉದ್ದನೆಯ ಎಳೆ ಕೂಡಿಸುವ ದಪ್ಪಗಿನ ಹೆಂಗಸು ಸ್ಟೂಲು ಎಳೆದುಕೊಂಡು ಬಂದಳು. ಮೂರನೇ ಸಲ ಹಿಂದೂಪುರದ ಕಡೆಯಿಂದ ಮದುವೆಯಾಗಿ ಬಂದ, ಅರ್ಧ ತೆಲುಗು ಅರ್ಧ ಕನ್ನಡದ ಚಿಕ್ಕ ಹುಡುಗಿ ಬಂದಳು. ಬಾಗಿಲ ಹತ್ತಿರದ ಮಗ್ಗದ ನೇಕಾರನೊಬ್ಬನಿದ್ದ, ವಯಸ್ಸಾದವನು. ‘ನಂಗೆ ಇಂಥಾವೆಲ್ಲ ಆಗಲ್ಲ’ ಅಂತ ಗೋಡೆ ಕಡೆ ಮುಖ ಮಾಡಿ ಕೂತ. ದಿನಾ ಹಾಗೆಯೇ ಕೂತ. ಕಿವಿ ಮಾತ್ರ ನಮ್ಮ ಕಡೆಗೇ ಇರುತ್ತಿತ್ತು.

ಕತೆಯ ಬಾಸು ಬೆಳಿಗ್ಗೆ ಐದು ಗಂಟೆಗೇ ಎಲ್ಲರ ಫೋನಿಗೂ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದ. ಯಾರು ವಾಪಸ್ಸು ಕೈ ಮುಗಿಯಲಿಲ್ಲ ಅಂತ ಆಫೀಸಿಗೆ ಬಂದು ಕೇಳುತ್ತಿದ್ದ. ಅವನಿಗಿಂತ ಎತ್ತರದ ಹುಡುಗ ಕೆಲಸಕ್ಕೆ ಸೇರಿದರೆ, ಆ ಹುಡುಗನ ಕುರ್ಚಿಯ ಕಾಲು ಕೊಯ್ಯಿಸಿದ. ಓದಿದ್ದು ಮುಗಿದ ಕೂಡಲೇ ಎಲ್ಲರೂ ಅಭಿಪ್ರಾಯ ಹೇಳುತ್ತಿದ್ದರು.

“ಇವ ನಮ್ಮ ಗಂಡನೇ” ಅಂದಳು ದಪ್ಪಗಿನವಳು.

“ನಿಮ್ಮ ಗಂಡಂಗೆ ಆಫೀಸ್ ಎಲ್ಲೈತಕ್ಕಾ?” ಅಂದಳು ಹಿಂದೂಪುರದವಳು.

“ಆಫೀಸ್ ಇಲ್ದೇನೇ ಹಿಂಗಾಡ್ತಾನೆ. ಇದ್ದಿದ್ರೆ ಕುರ್ಚಿ ಏನು, ನನ್ನ ಕಾಲೇ ಕೊಯ್ಸೋನು.”

“ನಂಗೇನೋ ಪಾಪ ಅನ್ನಿಸ್ತದೆ. ಅವನಿಗೆ ಪೆಂಡ್ಲಾಮು ಇಲ್ವಾ? ಮನೇಲಿ ಮುದ್ದೆ ಇಕ್ಕೋರಿಲ್ದೆ ಹಿಂಗೆ ಆಗವ್ನೆ. ಅಕ್ಕಾ, ಅವನಿಗೊಂದು ಮದುವೆ ಮಾಡ್ಬಿಡಿ.”

“ಬಾಸ್‌ಗೆ ಮದುವೆ ಮಾಡ್ಸೋ ಕತೆ ಅಲ್ಲ ಇದು” ಅಂತ ಸೊಸೆ ಹೇಳಿದರೆ, “ಮಾಡ್ಸಿದ್ರೆ ಇನ್ನೂ ತಮಾಷೆ ಆಗ್ತದೆ, ಆಯಮ್ಮ ನೋಡ್ಕೊತಾಳೆ ಅವನ್ನ” ಅಂತ ಹಿಂದೂಪುರದವಳು ಹಟ ಹಿಡಿದಳು. ಗೋಡೆ ಕಡೆ ಮುಖ ಮಾಡಿದವನು ಗೋಡೆಗೇ ಹೇಳಿದ: “ನಮ್ಮ ಬೀದಿ ದೇವಸ್ಥಾನದ ಕಮಿಟಿ ಅಧ್ಯಕ್ಷ ಇವ್ನು. ನೂರಕ್ಕೆ ನೂರು.”

ಸೊಸೆ ನನ್ನ ಮುಖ ನೋಡಿದಳು.

“ಅಜ್ಜಿ?”

“ಉಪ್ಪಿಲ್ಲ.”

“ಅಂದ್ರೆ?”

“ನಾಟಕದ ರಾಕ್ಷಸ ಬಂದಂಗೆ ಬರ್ತಾನೆ, ಕಚ್ತಾನೆ, ಹೋಗ್ತಾನೆ. ಪ್ರತಿ ಹಾಳೇಲೂ ಅದೇ. ಇಂಥೋನ ಹತ್ರ ಯಾರು ಕೆಲಸಕ್ಕಿರ್ತಾರೆ? ಕೆಟ್ಟ ಯಜಮಾನ ದಿನವೆಲ್ಲ ಕೆಟ್ಟೋನಾಗಿದ್ರೆ ನಾವು ಎಂದೋ ಬಿಟ್ಟೋಗಿರ್ತಿದ್ವಿ. ನಡುನಡುವೆ ಒಳ್ಳೇದು ಮಾಡ್ತಾನೆ ನೋಡು, ಅಲ್ಲಿರೋದು ತೊಂದ್ರೆ.”

ಹುಡುಗಿಯ ಮುಖ ಬಾಡಿತು. ಬಾಡಲಿ ಅಂದುಕೊಂಡೆ, ಕೇಳಿದ್ದು ಅವಳೇ. ಆಮೇಲೆ ಪೆನ್ಸಿಲ್ಲು ತೆಗೆದು, “ಒಳ್ಳೇದು ಅಂದ್ರೆ ಹೆಂಗೆ? ಒಂದು ಹೇಳಿ” ಅಂದಳು.

ಹೇಳಿದೆ. ನನ್ನ ಬೆರಳು ಕಂಡಿಕೆ ಮಿಷನ್ನಿನ ಬೆಲ್ಟಿಗೆ ಸಿಕ್ಕಿದ ದಿನ ಯಜಮಾನರೇ ಓಡಿ ಬಂದು, ಹೆಗಲ ಮೇಲಿನ ಟವಲು ಹರಿದು ಕಟ್ಟಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಹೊಲಿಗೆ ಹಾಕುವವರೆಗೂ ಪಕ್ಕದಲ್ಲೇ ನಿಂತಿದ್ದರು. ನನಗಿಂತ ಅವರ ಮುಖವೇ ಬೆಳ್ಳಗಾಗಿತ್ತು. ಬರುವಾಗ ಬೇಕರಿಯಲ್ಲಿ ಬನ್ನು ಕೊಡಿಸಿದರು. ಶನಿವಾರ ಬಟವಾಡೆಯಲ್ಲಿ ಅರ್ಧ ದಿನದ ಕೂಲಿ ಹಿಡಿದರು. ‘ಮಧ್ಯಾಹ್ನ ನೀನು ಕೆಲಸಕ್ಕಿರ್ಲಿಲ್ಲವಲ್ಲ’ ಅಂದರು. ಅದರಲ್ಲಿ ಅವರಿಗೆ ಯಾವ ವಿಚಿತ್ರವೂ ಕಾಣಲಿಲ್ಲ.

ಬರೆದುಕೊಂಡಳು. ಮುಂದಿನ ಸಲ ಓದಿದಾಗ ಗೋಡೌನಿನಲ್ಲಿ ಒಬ್ಬಳ ಕಾಲ ಮೇಲೆ ಪೆಟ್ಟಿಗೆ ಬಿದ್ದಿತ್ತು, ಬಾಸು ಅವಳನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ, ತಾನೇ ಅತ್ತುಬಿಟ್ಟ, ಶನಿವಾರ ಅರ್ಧ ದಿನ ಹಿಡಿದ. ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ, ಆದರೆ ‘ಈಗ ಉಪ್ಪು ಬಿತ್ತು’ ಅಂದೆ.

ಅಲ್ಲಿಂದ ಎಲ್ಲರೂ ಉಪ್ಪು ಹಾಕುವವರೇ. ನಮ್ಮ ಯಜಮಾನರು ಹೋಟೆಲಿನಿಂದ ಬೈಟು ಕಾಫಿ ತರಿಸಿ ಮೂರು ಜನಕ್ಕೆ ಹಂಚುತ್ತಿದ್ದರು; ಗೋಡೌನಿನ ಬಾಸೂ ಹಂಚತೊಡಗಿದ. ನಮ್ಮ ಯಜಮಾನರು ಕರೆಂಟ್ ಹೋದರೆ ‘ನಾನು ಕಳಿಸಿದ್ನಾ ಅದನ್ನ?’ ಅಂತ ನಮ್ಮ ಮೇಲೆ ಹರಿಹಾಯುತ್ತಿದ್ದರು, ಬಂದರೆ ತಾವೇ ಕರೆದುಕೊಂಡು ಬಂದ ಹಾಗೆ ‘ಬಂತು ನೋಡಿ’ ಅನ್ನುತ್ತಿದ್ದರು. ಗೋಡೌನಿನ ಬಾಸು ಲಾರಿಗಳ ವಿಷಯದಲ್ಲಿ ಹಾಗೆಯೇ ಅನ್ನತೊಡಗಿದ. ಹುಡುಗಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯಲಿಲ್ಲವೋ, ತಿಳಿದೂ ಕೈ ನಿಲ್ಲಲಿಲ್ಲವೋ, ಅದು ನನಗೆ ಗೊತ್ತಿಲ್ಲ. ಅರಿಶಿನಕುಂಟೆಯ ಆ ಬಾಸು ಹಾಳೆಗೊಂದಿಷ್ಟು ಕರಗುತ್ತ ಹೋದ, ದೊಡ್ಡಬಳ್ಳಾಪುರದವರೊಬ್ಬರು ಅವನ ಕುರ್ಚಿಯಲ್ಲಿ ಬಂದು ಕೂತರು.

ಈಗ ಯಜಮಾನರ ಚಪ್ಪಲಿಯ ವಿಷಯ ಹೇಳಬೇಕು. ಅವರಿಗೆ ಸದ್ದಿಲ್ಲದೆ ಬಂದು ನಿಂತು ನಾವು ಏನು ಮಾಡುತ್ತೇವೆ ಅಂತ ನೋಡುವ ಅಭ್ಯಾಸ. ಮಗ್ಗ ಓಡುವಾಗ ಅದು ಸುಲಭ. ಕರೆಂಟ್ ಇಲ್ಲದಾಗ ಅವರ ಹವಾಯಿ ಚಪ್ಪಲಿ ಚಟ್ ಚಟ್ ಅನ್ನುತ್ತದೆ. ಹಾಗಾಗಿ ಹೊಸ್ತಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಕಂಡು ಮನುಷ್ಯ ಕಾಣದಿದ್ದರೆ ಒಳಗೆಲ್ಲೋ ಅವಿತಿದ್ದಾರೆ ಅಂತ ನಮಗೆಲ್ಲ ತಿಳಿಯುತ್ತಿತ್ತು. ನಮಗೆ ತಿಳಿಯುತ್ತದೆ ಅಂತ ಅವರಿಗೆ ತಿಳಿದಿರಲಿಲ್ಲ. ಓದು ಶುರುಮಾಡುವ ಮುಂಚೆ ಹಿಂದೂಪುರದವಳು ಹೊಸ್ತಿಲು ನೋಡಿ ಬರುತ್ತಿದ್ದಳು. “ಚಪ್ಪಲಿ ಲೇದು, ಓದಿ” ಅನ್ನುತ್ತಿದ್ದಳು.

ಕೆಟ್ಟಿದ್ದು ಒಂದು ಮಂಗಳವಾರ. ಬಾಸು ತನ್ನ ಹುಟ್ಟುಹಬ್ಬಕ್ಕೆ ತಾನೇ ಹಾರ ತರಿಸಿ, ‘ಯಾರೋ ಅಭಿಮಾನಿಗಳು ತಂದವ್ರೆ, ಬೇಡ ಅಂದ್ರೂ ಕೇಳಲ್ಲ’ ಅನ್ನುವ ಜಾಗ ಓದುತ್ತಿದ್ದಳು. ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯ ಶೆಡ್ಡುಗಳೆಲ್ಲ ಗಡಗಡ ಅಂತ ಎದ್ದವು. ನಮ್ಮದೊಂದು ಏಳಲಿಲ್ಲ. ಬಾಗಿಲ ಹತ್ತಿರದ ನೇಕಾರನ ಕೈ ಸ್ವಿಚ್ಚಿನ ಮೇಲೆ ಇತ್ತು, ಒತ್ತಲಿಲ್ಲ. “ಹಾರ ಹಾಕ್ಕೊಂಡ್ನಾ ಇಲ್ವಾ, ಅಷ್ಟು ಹೇಳ್ಬಿಡವ್ವ” ಅಂದ. ಅಷ್ಟು ದಿನದಲ್ಲಿ ಅವನು ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದು ಅದೇ ಮೊದಲು.

ಕಿವಿ ಮಂದವಾಗಿದ್ದರೂ ಮಗ್ಗದ ಯಜಮಾನನಿಗೆ ತನ್ನ ಮಗ್ಗ ನಿಂತಿದ್ದು ಕೇಳುತ್ತದೆ. ಹೋಟೆಲಿನ ಮುಂದೆ ನಿಂತಿದ್ದವರು ಓಡಿ ಬಂದರು. ನಾವು ಅಷ್ಟರಲ್ಲಿ ಸ್ವಿಚ್ಚು ಒತ್ತಿದ್ದೆವು, ಹುಡುಗಿ ಬಾಗಿಲು ದಾಟಿ ಮನೆಯೊಳಗೆ ಹೋಗಿದ್ದಳು. ಅವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಒಳ್ಳೆಯದಲ್ಲ.

ಮಾರನೆ ದಿನ ಮಧ್ಯಾಹ್ನ ಮತ್ತೆ ಕರೆಂಟ್ ಹೋಯಿತು. ಹಿಂದೂಪುರದವಳು ಹೊಸ್ತಿಲು ನೋಡಿ ಬಂದು “ಲೇದು” ಅಂದಳು. ಸೊಸೆ ಹೊಸ ಹಾಳೆ ತೆಗೆದಳು. ಹಿಂದಿನ ವಾರ ನಾನೇ ಹೇಳಿದ್ದೆ: “ಅವನ ಕೈ ಸುಮ್ನಿರ್ಬಾರ್ದು ಕಣವ್ವ. ಬೈಯುವಾಗ ಕೈ ಏನೋ ಒಂದು ಮಾಡ್ತಿರ್ಬೇಕು. ಆಗ ಮನುಷ್ಯ ಕಣ್ಣಿಗೆ ಕಾಣ್ತಾನೆ.” ಅದನ್ನು ತಲೆಯಲ್ಲಿಟ್ಟುಕೊಂಡು ಬರೆದಿದ್ದಳು.

ಬಾಸು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಾನೆ. ಶಿಸ್ತು ಅಂದರೇನು ಅಂತ ಹೇಳುತ್ತಿದ್ದಾನೆ. ಹೇಳುತ್ತ ಹೇಳುತ್ತ ಪಕ್ಕದಲ್ಲಿದ್ದ ಕಂಡಿಕೆ ತೆಗೆದುಕೊಂಡು ಕಿವಿಗೆ ಹಾಕುತ್ತಾನೆ. ಒಂದು ಕಣ್ಣು ಮುಚ್ಚುತ್ತದೆ. ಬಾಯಿ ವಾರೆಯಾಗುತ್ತದೆ. ಶಿಸ್ತಿನ ಮಾತು ಅಲ್ಲೇ ನಿಲ್ಲುತ್ತದೆ. ಎಲ್ಲರೂ ಕಾಯುತ್ತಾರೆ. ಅವನು ಬೇರೆ ಯಾವುದೋ ಲೋಕಕ್ಕೆ ಹೋಗಿದ್ದಾನೆ. ವಾಪಸ್ಸು ಬಂದು ಕಣ್ಣು ತೆಗೆದು, ‘ಎಲ್ಲಿದ್ದೆ ನಾನು?’ ಅಂತ ಕೇಳುತ್ತಾನೆ. ಹಿಂದಿನ ಸಾಲಿನಿಂದ ಒಬ್ಬ ಹೇಳುತ್ತಾನೆ: ‘ಕಿವಿಯೊಳಗೆ ಸಾರ್.’

ನಾನು ನಕ್ಕೆ. ಸುಮ್ಮನೆ ಅಲ್ಲ, ಸೆರಗು ಬಾಯಿಗೆ ಹಿಡಿದರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಸೊಸೆ ಓದುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು, ಎಳೆ ಮಗು ದೀಪ ನೋಡಿದ ಹಾಗೆ.

ಆಗ ನೂಲಿನ ಮೂಟೆಗಳ ಹಿಂದಿನಿಂದ ದನಿ ಬಂತು.

“ಗೋಡೌನ್ನಾಗೆ ಕಂಡಿಕೆ ಎಲ್ಲಿಂದ ಬಂತು?”

ಯಜಮಾನರು ಎದ್ದು ನಿಂತರು. ಕರೆಂಟ್ ಹೋಗುವ ಮುಂಚೆಯೇ ಮನೆ ಕಡೆಯ ಬಾಗಿಲಿಂದ ನುಸುಳಿದ್ದರು, ಚಪ್ಪಲಿ ಎರಡೂ ಕಂಕುಳಲ್ಲಿತ್ತು.

ಅವರು ಕೇಳಿದ್ದು ಸರಿಯೇ. ಗೋಡೌನಿನಲ್ಲಿ ಕಂಡಿಕೆ ಇರುವುದಿಲ್ಲ. ಅದು ಬರೆದವಳಿಗೂ ಹೊಳೆಯಲಿಲ್ಲ, ಕೇಳಿದ ನಮಗೂ ಹೊಳೆಯಲಿಲ್ಲ. ನಮಗೆ ಕಂಡಿಕೆ ಇಲ್ಲದ ಜಾಗ ಒಂದಿದೆ ಅಂತಲೇ ಗೊತ್ತಿಲ್ಲ. ಲಂಗಕ್ಕೆ ಲಾಡಿ ಪೋಣಿಸುವುದು ಕಂಡಿಕೆಯಲ್ಲಿ. ಬಾಗಿಲ ಚಿಲಕ ಮುರಿದರೆ ಸಿಕ್ಕಿಸುವುದು ಕಂಡಿಕೆ. ಅಳುವ ಮಗುವಿನ ಕೈಗೆ ಕೊಡುವುದು ಕಂಡಿಕೆ. ಗೋಡೌನಿನ ಬಾಸು ಕೈ ಚಾಚಿದರೆ ಕಂಡಿಕೆಯಲ್ಲದೆ ಇನ್ನೇನು ಸಿಗಬೇಕು ಅನ್ನುವ ಹಾಗೆ ನಾವಿದ್ದೆವು.

ಆದರೆ ಕಂಡಿಕೆಯಲ್ಲಿ ಕಿವಿ ಕೆರೆದುಕೊಳ್ಳುವುದು ನಮ್ಮ ಶೆಡ್ಡಿನಲ್ಲಿ ಒಬ್ಬರಿಗೇ ಸಲ್ಲುವ ವಿಷಯ. ಮಿಕ್ಕವರು ಮಾಡಿದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಕಿವಿಯ ಗುಗ್ಗೆ ಹತ್ತಿದರೆ ನೂಲು ಕೊಳೆಯಾಗುತ್ತದೆ, ಸೀರೆಯ ಮೇಲೆ ಕಲೆ ಬೀಳುತ್ತದೆ ಅನ್ನುವುದು ಅವರ ಕಾನೂನು. ಅವರ ಕಿವಿಯ ಗುಗ್ಗೆ ಅಂಥದ್ದಲ್ಲ ಅಂತ ಕಾಣುತ್ತದೆ.

ಹಾಳೆಗಳನ್ನೆಲ್ಲ ಸೊಸೆಯ ಕೈಯಿಂದ ಈಸಿಕೊಂಡರು. “ಒಳಗಿರೋವೂ ಎಲ್ಲ ತಗೊಂಬಾ” ಅಂದರು. ಅವಳು ತಂದು ಕೊಟ್ಟಳು. “ಇದು ಅಚ್ಚಾಗಂಗಿಲ್ಲ” ಅಂದರು. ಚಪ್ಪಲಿ ಹಾಕಿಕೊಂಡು ಚಟ್ ಚಟ್ ಅನ್ನಿಸುತ್ತ ಹೋದರು. ಆಮೇಲೆ ಕರೆಂಟ್ ಬಂದರೂ ಯಾರೂ ‘ಬಂತು’ ಅನ್ನಲಿಲ್ಲ.

ಸಾಯಂಕಾಲ ಕೆಲಸ ಬಿಟ್ಟು ಮನೆಗೆ ಹೋಗುವಾಗ ಅವರ ಜಗಲಿ ದಾಟಿಯೇ ಹೋಗಬೇಕು. ಯಜಮಾನರು ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ಹಾಳೆಗಳನ್ನಿಟ್ಟುಕೊಂಡು ಕೂತಿದ್ದರು. ಪೂರ್ತಿ ಓದಿದ್ದರು ಅಂತ ಕಾಣುತ್ತದೆ, ಕೊನೆಯ ಹಾಳೆ ಮೇಲಿತ್ತು. ಅವರ ಹೆಂಡತಿ ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿತಕುತ್ತಿದ್ದರು. ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಹಿತ್ತಲಲ್ಲಿ ಬಚ್ಚಲ ಒಲೆ ಹೊಗೆಯಾಡುತ್ತಿತ್ತು, ಅವಳ ಕಣ್ಣು ಅತ್ತಲೇ ಇತ್ತು.

“ಬಾ ಇಲ್ಲಿ. ಕೂತ್ಕೋ” ಅಂದರು ಯಜಮಾನರು. ಕೂತೆ.

“ನೀನೇ ಹೇಳ್ಕೊಟ್ಟಿದ್ದಂತೆ ಇದೆಲ್ಲ.”

“ಕೇಳಿದ್ಲು, ಹೇಳ್ದೆ.”

“ಓದಿದೋರು ಇದು ನಾನೇ ಅಂತಾರಾ?”

“ನಿಮ್ಮನ್ನ ಕಂಡೋರು ಅಂತಾರೆ. ಕಾಣದೋರು ಅವರವರ ಯಜಮಾನ್ರು ಅಂತಾರೆ. ಆ ದಪ್ಪನೋಳು ಅವಳ ಗಂಡ ಅಂದ್ಲು. ಇನ್ನೊಬ್ಬ ದೇವಸ್ಥಾನದ ಅಧ್ಯಕ್ಷರು ಅಂದ. ನಿಮ್ಮ ಹೆಸ್ರು ಯಾರೂ ಎತ್ತಲಿಲ್ಲ.”

“ಎತ್ತಲಿಲ್ವಾ?” ಅಂದರು. ಸಮಾಧಾನವಾಗಬೇಕಿತ್ತು, ಸ್ವಲ್ಪ ಬೇಜಾರಾದ ಹಾಗೆ ಕಂಡಿತು. ಹಾಳೆ ತಿರುವಿ ಒಂದು ಜಾಗದ ಮೇಲೆ ಬೆರಳಿಟ್ಟರು.

“ನಿನ್ನ ಬೆರಳು ಸಿಕ್ಕಾಕ್ಕೊಂಡಾಗ ಆಸ್ಪತ್ರೆಗೆ ಕರ್ಕೊಂಡೋದೋರು ಯಾರು?”

“ನೀವೇ.”

“ಬನ್ ಕೊಡ್ಸಿದ್ದು ಯಾರು?”

“ನೀವೇ.”

“ಇದ್ರಲ್ಲಿ ಬನ್ ಎಲ್ಲಿ? ಅರ್ಧ ದಿನ ಹಿಡ್ದಿದ್ದು ಐತೆ. ಅತ್ತಿದ್ದು ಐತೆ, ನಾನು ಅಳಲಿಲ್ಲ. ಬನ್ ಇಲ್ಲ.”

ಅವರ ಹೆಂಡತಿ ಮೊರದಿಂದ ತಲೆ ಎತ್ತದೆ ಹೇಳಿದರು: “ಆ ಬನ್ನಿನ ಸುದ್ದಿ ಮನೆಗೆ ಬಂದ ನೆಂಟರಿಗೆಲ್ಲ ಹೇಳಾಯ್ತು. ಪುಸ್ತಕಕ್ಕೂ ಬೇಕಾ?”

“ನೀನು ಸುಮ್ನಿರು. ಇದನ್ನ ಓದಿದ್ರೆ ನೀನೂ ಬಾಯ್ಮೇಲೆ ಕೈ ಇಟ್ಕೊತೀಯ.”

“ಓದಿದ್ದೀನಿ. ಬರ್ದಂಗೆಲ್ಲ ನಂಗೇ ಮೊದ್ಲು ತೋರಿಸ್ತಿದ್ಲು. ನಿಮ್ಮನ್ನ ಕಮ್ಮಿ ಮಾಡಿ ಬರ್ದವ್ಳೆ.”

ಯಜಮಾನರು ಹೆಂಡತಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಅವರೆಕಾಳು ನೋಡಿದೆ. ಒಳ್ಳೆ ಸೊಗಡಿನ ಕಾಯಿ.

“ಬನ್ ಹಾಕ್ತೀನಿ ಮಾವ” ಅಂದಳು ಸೊಸೆ, ಸಣ್ಣ ದನಿಯಲ್ಲಿ.

“ಆಂ?” ಅಂದರು. ಕಿವಿ ಕೇಳದು.

“ಬನ್ ಹಾಕ್ತೀನಿ ಅಂದೆ. ಅಳೋದು ತೆಗೀತೀನಿ.”

“ಕಂಡಿಕೆ?”

“ಅದು ತೆಗೆಯಲ್ಲ ಮಾವ.”

ಕಾಳು ಹಿತಕುವ ಕೈ ನಿಂತಿತು. ಆ ಜಗಲಿಯಲ್ಲಿ ಯಜಮಾನರಿಗೆ ‘ಇಲ್ಲ’ ಅಂದವರನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ಕಂಬ ಬಿಟ್ಟು ನೆಟ್ಟಗೆ ನಿಂತಳು.

“ಯಾಕೆ ತೆಗೆಯಲ್ಲ?”

“ಅದಕ್ಕೊಂದಕ್ಕೇ ಅಜ್ಜಿ ನಕ್ಕಿದ್ದು.”

ಯಜಮಾನರು ನನ್ನ ಕಡೆ ತಿರುಗಿದರು. “ಹೌದಾ?”

“ಹೌದು. ನಕ್ಕೆ. ನೀವೂ ಮೂಟೆ ಹಿಂದೆ ಕೂತು ಕೇಳಿಸ್ಕೊಂಡ್ರಲ್ಲ.”

ಯಜಮಾನರು ಹಾಳೆಗಳನ್ನು ತೊಡೆಯ ಮೇಲೆ ಬಡಿದು ಅಂಚು ಸರಿ ಮಾಡಿದರು. ಆಮೇಲೆ ಹೇಳಿದರು: “ಬೈಟು ಕಾಫಿ ಊರೆಲ್ಲ ಹಂಚ್ತಾರೆ. ಅರ್ಧ ದಿನ ಎಲ್ಲ ಮಾಲೀಕ್ರೂ ಹಿಡೀತಾರೆ. ಆ ಕಂಡಿಕೆ ಮಾತ್ರ ನಾನೊಬ್ನೇ. ಅದನ್ನ ಓದಿದ್ರೆ ನಮ್ಮ ಬೀದಿ ನಾಯಿಗೂ ಗೊತ್ತಾಗ್ತದೆ ಯಾರು ಅಂತ.”

“ನೀವೊಬ್ರೇ ಅಂತ ಯಾರು ಹೇಳಿದ್ದು?” ಅಂದೆ. “ನಾವೆಲ್ಲ ಕೆರ್ಕೊತೀವಿ. ನೂಲಿನ ಜುಂಗು ನಿಮ್ಮ ಕಿವಿಗೆ ಮಾತ್ರ ಹೋಗ್ತದಾ? ನಿಮ್ಮೆದುರಿಗೆ ಕೆರ್ಕೊಳ್ಳಲ್ಲ, ಅಷ್ಟೇ. ಅರ್ಧ ದಿನ ಹಿಡೀತೀರಲ್ಲ.”

“ಸುಳ್ಳು. ನನ್ನ ಶೆಡ್ನಲ್ಲಿ ನಂಗೆ ಕಾಣ್ದೆ ಏನೂ ನಡಿಯಲ್ಲ.”

“ನಡೀತದೆ. ನಿಮ್ಮ ಚಪ್ಪಲಿ ಹೊಸ್ತಿಲಲ್ಲಿ ಇರ್ತದೆ, ನಾವು ನೋಡ್ಕೊತೀವಿ.”

ಈ ಮಾತು ಅವರಿಗೆ ಕಂಡಿಕೆಗಿಂತ ಹೆಚ್ಚು ನಾಟಿತು. ಚಪ್ಪಲಿಯನ್ನು ಕಾಲಿಂದ ಜಗಲಿಯ ಕೆಳಕ್ಕೆ ತಳ್ಳಿದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೆಮ್ಮು ಅನ್ನುವ ಹಾಗೆ ನಟಿಸಿದರು, ಕೆಮ್ಮಲ್ಲ.

“ಸರಿ” ಅಂದರು ಯಜಮಾನರು ಕೊನೆಗೆ. “ಇನ್ನೊಬ್ರು ಕಂಡಿಕೇಲಿ ಕೆರ್ಕೊಳ್ಳೋದನ್ನ ನನ್ನ ಕಣ್ಣಾರೆ ನೋಡ್ತೀನಿ. ನೋಡಿದ್ರೆ ಈ ಹಾಳೆ ಇವಳ ಕೈಗೆ. ನಾಳೆ ಬೆಳಿಗ್ಗೆವರ್ಗೂ ಟೈಮು. ಇಲ್ದಿದ್ರೆ ಒಲೆಗೆ.”

“ಕೆರ್ಕೊಂಡೋರ ಅರ್ಧ ದಿನ?” ಅಂತ ಕೇಳಿದೆ.

“ಅದು ಹಿಡಿಯೋದೇ. ರೂಲ್ಸು ರೂಲ್ಸೇ.”

ಸೊಸೆ ಅಲ್ಲೇ ಕಂಬದ ಮರೆಯಲ್ಲಿ ಪೆನ್ಸಿಲ್ಲು ತೆಗೆದದ್ದನ್ನು ನಾನು ನೋಡಿದೆ. ಅಂಗೈ ಮೇಲೆ ಏನೋ ಬರೆದುಕೊಂಡಳು. ಯಜಮಾನರು ನೋಡಲಿಲ್ಲ. ತಾವು ಗೆದ್ದ ಹಾಗೆಯೇ ಅಂತ ಅವರು ಅಂದುಕೊಂಡಿದ್ದರು. ಶನಿವಾರದ ಬಟವಾಡೆಗೆ ಕಣ್ಣಿಟ್ಟು ಕೂತವರು ಯಾರದೋ ಕತೆಗೆ ಕೂಲಿ ಬಿಡುತ್ತಾರೆ ಅಂತ ಅವರು ಯಾಕೆ ನಂಬಬೇಕು? ಮೂರು ಜನಕ್ಕೆ ಹೇಳಿ ನೋಡಿದೆ, ದಾರಿಯಲ್ಲಿ. ದಪ್ಪಗಿನವಳು ಗಂಡನನ್ನು ಕೇಳಬೇಕು ಅಂದಳು. ಹಿಂದೂಪುರದವಳು ದೇವರಿಗೆ ಹರಕೆ ಹೊರುತ್ತೇನೆ, ಅಷ್ಟು ಮಾಡಬಲ್ಲೆ ಅಂದಳು. ಗೋಡೆ ಕಡೆ ಕೂರುವವನು, “ಹಾರ ಹಾಕ್ಕೊಂಡ್ನಾ ಇಲ್ವಾ, ಕೊನೆಗೂ ಗೊತ್ತಾಗ್ಲೇ ಇಲ್ಲ” ಅಂತ ಹೇಳಿ ತಿರುವಿನಲ್ಲಿ ಹೋದ.

ನನಗೆ ಆ ಹುಡುಗಿಯ ಮೇಲೆ ಅಂಥ ಅಕ್ಕರೆ ಏನೂ ಇರಲಿಲ್ಲ. ಅವಳು ಒಳ್ಳೆಯವಳು, ಆದರೆ ಊರಲ್ಲಿ ಒಳ್ಳೆಯವರು ಬೇಕಾದಷ್ಟಿದ್ದಾರೆ. ಸಿಟ್ಟು ಬಂದದ್ದು ಬೇರೆಯದಕ್ಕೆ. ನಾನು ನಗುವುದು ಅಪರೂಪ. ಗಂಡ ಸತ್ತ ಮೇಲೆ ಆ ಥರ ನಕ್ಕಿದ್ದು ನೆನಪಿಲ್ಲ. ಅವನಿದ್ದಾಗಲೂ ಹೆಚ್ಚೇನೂ ನಕ್ಕಿರಲಿಲ್ಲ. ಅಷ್ಟು ಅಪರೂಪಕ್ಕೆ ಬಂದದ್ದನ್ನು ಒಬ್ಬರು ಸ್ನಾನದ ನೀರು ಕಾಯಿಸುವುದಕ್ಕೆ ಉರಿಸುತ್ತಾರೆ ಅಂದರೆ ನನಗೆ ಒಪ್ಪಿಗೆಯಾಗಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಯಜಮಾನರು ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ಡಿನ ನಡುವೆ ನಿಂತಿದ್ದರು, ಈ ಸಲ ಚಪ್ಪಲಿ ಕಾಲಲ್ಲೇ ಇತ್ತು. ಸೊಸೆ ನಡುಬಾಗಿಲಲ್ಲಿದ್ದಳು. ನಾನು ಬುತ್ತಿ ಕೆಳಗಿಟ್ಟು, ಬುಟ್ಟಿಯಿಂದ ಒಂದು ಖಾಲಿ ಕಂಡಿಕೆ ತೆಗೆದುಕೊಂಡು, ಅವರ ಎದುರಿಗೆ ಹೋಗಿ ನಿಂತು, ಸಣ್ಣ ತುದಿಯನ್ನು ಬಲಗಿವಿಗೆ ಹಾಕಿ ಕೆರೆದುಕೊಂಡೆ. ಒಂದು ಕಣ್ಣು ತಾನೇ ಮುಚ್ಚಿತು. ಬಾಯಿ ವಾರೆಯಾಯಿತು. ಅವಳು ಬರೆದಿದ್ದು ಸರಿಯಾಗಿಯೇ ಇತ್ತು.

“ಅರ್ಧ ದಿನ” ಅಂದರು ಯಜಮಾನರು.

“ಹಿಡ್ಕೊಳ್ಳಿ” ಅಂದೆ.

ಅವರು ಹಾಳೆಗಳನ್ನು ನಡುಬಾಗಿಲ ಕಡೆ ಚಾಚಿದರು. ಅರ್ಧ ದಿನ ಹೇಗೂ ಹೋಗಿತ್ತು, ಎಡಗಿವಿಯನ್ನೂ ಕೆರೆದುಕೊಂಡೆ.